ಬೌಲಿಂಗ್ ಚೆಂಡುಗಳ ಟ್ರಾಲಿ ಬ್ಯಾಗ್: ಎತ್ತುವ ಭಾರವನ್ನು ಮೊದಲು ಲೆಕ್ಕ ಹಾಕಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕ್ರೀಡಾ ಪುರವಣಿಯಲ್ಲಿ ಬೌಲಿಂಗ್ ಆಟದ ಸಲಕರಣೆಗಳನ್ನು ಕುರಿತು ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ನಾನು ಹೇಳುತ್ತಿರುವುದು ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಲೇನಿನ ಮೇಲೆ ಭಾರವಾದ ಚೆಂಡನ್ನು ಉರುಳಿಸಿ ಹತ್ತು ಪಿನ್‌ಗಳನ್ನು ಕೆಡಹುವ ಆಟ. ಆ ಬರಹದ ಬಹುಪಾಲು ಮಾತುಗಳಿಗೆ ನನ್ನ ತಕರಾರಿಲ್ಲ. ಆದರೆ ಹಲವು ಚೆಂಡುಗಳನ್ನು ಒಯ್ಯುವ ಟ್ರಾಲಿ ಬ್ಯಾಗನ್ನು ಆರಿಸುವ ಬಗ್ಗೆ ಅದರಲ್ಲಿದ್ದ ಸಲಹೆ, ಅಂದರೆ ಬ್ಯಾಗಿಗೆ ಚಕ್ರಗಳಿರುವುದರಿಂದ ಭಾರದ ಚಿಂತೆ ಬೇಕಿಲ್ಲ, ಸಿಗುವುದರಲ್ಲಿ ಅತಿ ಹೆಚ್ಚು ಚೆಂಡು ಹಿಡಿಯುವುದನ್ನೇ ಕೊಂಡರಾಯಿತು ಎಂಬರ್ಥದ ಮಾತು, ಹೊಸದಾಗಿ ಬ್ಯಾಗ್ ಕೊಳ್ಳಹೊರಟವರನ್ನು ದಾರಿ ತಪ್ಪಿಸುವಂಥದ್ದು. ಬ್ಯಾಗ್ ಉರುಳುವಾಗ ಅದರ ಭಾರ ನಮಗೆ ತಿಳಿಯುವುದಿಲ್ಲ ಎನ್ನುವುದು ನಿಜ. ಉರುಳಲಾರದ ಕಡೆ ಅದನ್ನು ಎತ್ತುವವರು ನಾವೇ. ಹಾಗಾಗಿ ಆಯ್ಕೆಯ ಲೆಕ್ಕ ಶುರುವಾಗಬೇಕಾದದ್ದು ಎತ್ತುವ ಜಾಗದಿಂದ ಎಂಬುದು ನನ್ನ ವಾದ. ಅದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಒಬ್ಬ ಆಟಗಾರನಿಗೆ ಒಂದಕ್ಕಿಂತ ಹೆಚ್ಚು ಚೆಂಡು ಏಕೆ ಬೇಕು ಎಂದು ಆಟದ ಹೊರಗಿನವರು ಕೇಳುವುದು ಸಹಜ. ಚೆಂಡು ಬಿಡುವಾಗ ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಎಲ್ಲಕ್ಕಿಂತ ಮುಂದಿರುವ ಪಿನ್‌ವರೆಗಿನ ದೂರ 60 ಅಡಿ. ಅದರಲ್ಲಿ ಮೊದಲ ಮೂರನೇ ಎರಡು ಭಾಗದಷ್ಟು ಉದ್ದಕ್ಕೆ, ಹೆಚ್ಚು ಕಡಿಮೆ 40 ಅಡಿಯವರೆಗೆ, ತೆಳುವಾಗಿ ಎಣ್ಣೆ ಹಚ್ಚಿರುತ್ತಾರೆ. ಎಣ್ಣೆ ಇರುವಲ್ಲಿ ಚೆಂಡು ಜಾರುತ್ತದೆ, ಎಣ್ಣೆ ಮುಗಿದಲ್ಲಿ ನೆಲವನ್ನು ಹಿಡಿದು ತಿರುಗುತ್ತದೆ. ಆಟ ಸಾಗಿದಂತೆ ಚೆಂಡುಗಳು ಎಣ್ಣೆಯನ್ನು ಕೆಲವು ಕಡೆ ಹೀರಿಕೊಂಡು, ಕೆಲವು ಕಡೆ ಮುಂದಕ್ಕೆ ಸಾಗಿಸಿ ಲೇನಿನ ಸ್ವಭಾವವನ್ನೇ ಬದಲಿಸಿಬಿಡುವುದರಿಂದ, ಮೊದಲ ಆಟದಲ್ಲಿ ಹೇಳಿದ ಮಾತು ಕೇಳುತ್ತಿದ್ದ ಚೆಂಡು ಮೂರನೆಯ ಆಟದ ಹೊತ್ತಿಗೆ ಬೇಕಾದುದಕ್ಕಿಂತ ಮೊದಲೇ ತಿರುಗತೊಡಗುತ್ತದೆ. 1990ರ ದಶಕದ ಆರಂಭದಲ್ಲಿ ನೆಲವನ್ನು ಇನ್ನೂ ಬಲವಾಗಿ ಹಿಡಿಯುವ ರಿಯಾಕ್ಟಿವ್ ರೆಸಿನ್ ಹೊದಿಕೆಯ ಚೆಂಡುಗಳು ಬಂದ ಮೇಲೆ ಈ ವ್ಯತ್ಯಾಸಗಳು ಇನ್ನಷ್ಟು ತೀಕ್ಷ್ಣವಾದವು. ಆದ್ದರಿಂದ ಎಣ್ಣೆ ಹೆಚ್ಚಿರುವಾಗ ಬಳಸಲು ಒರಟು ಮೇಲ್ಮೈಯ ಚೆಂಡು, ಎಣ್ಣೆ ಕಡಿಮೆಯಾದಾಗ ನಯವಾದ ಚೆಂಡು, ಒಂಟಿಯಾಗಿ ಮೂಲೆಯಲ್ಲಿ ಉಳಿದ ಪಿನ್ನಿಗೆ ನೇರವಾಗಿ ಹೋಗುವ ಪಾಲಿಯೆಸ್ಟರ್ ಹೊದಿಕೆಯ ‘ಪ್ಲಾಸ್ಟಿಕ್’ ಚೆಂಡು, ಹೀಗೆ ಸಂಗ್ರಹ ಬೆಳೆಯುತ್ತದೆ. ವಾರಕ್ಕೊಮ್ಮೆ ಲೀಗ್ ಆಡುವವರಿಗೆ ಎರಡು ಚೆಂಡು ಧಾರಾಳವಾಗಿ ಸಾಕು, ಮೂರಿದ್ದರೆ ಅನುಕೂಲ. ನಾಲ್ಕು, ಆರು ಎಂಬ ಲೆಕ್ಕ ಬರುವುದು ಗೊತ್ತಿಲ್ಲದ ಲೇನಿನಲ್ಲಿ ದಿನವಿಡೀ ಆಡಬೇಕಾದ ಟೂರ್ನಿಗಳಲ್ಲಿ. ಮನೆಯಲ್ಲಿ ಆರು ಚೆಂಡುಗಳಿವೆ ಎಂಬ ಕಾರಣಕ್ಕೆ ಆರು ಹಿಡಿಯುವ ಬ್ಯಾಗ್ ಬೇಕಾಗುವುದಿಲ್ಲ. ಒಂದು ಸಲಕ್ಕೆ ಎಷ್ಟನ್ನು ನಿಜವಾಗಿ ಲೇನಿನ ಮೇಲೆ ಬಿಡುತ್ತೇವೆ ಎನ್ನುವುದನ್ನು ನೋಡಿಕೊಂಡರೆ ಆ ಸಂಖ್ಯೆ ಸಾಮಾನ್ಯವಾಗಿ ಮೂರನ್ನು ದಾಟುವುದಿಲ್ಲ.

ಇನ್ನು ತೂಕದ ಮಾತು. ಹತ್ತು ಪಿನ್‌ಗಳ ಆಟದ ಚೆಂಡಿಗೆ ನಿಯಮ ಒಪ್ಪುವ ಗರಿಷ್ಠ ತೂಕ 16 ಪೌಂಡ್, ಅಂದರೆ 7.26 ಕಿಲೋ. ವಯಸ್ಕ ಆಟಗಾರರಲ್ಲಿ ಬಹಳ ಮಂದಿ 14 ಅಥವಾ 15 ಪೌಂಡಿನ ಚೆಂಡು ಬಳಸುತ್ತಾರೆ. 15 ಪೌಂಡಿನ ಒಂದು ಚೆಂಡು 6.8 ಕಿಲೋ, ಎರಡಾದರೆ 13.6, ಮೂರಾದರೆ 20.4, ನಾಲ್ಕಾದರೆ 27.2, ಆರಾದರೆ 40.8 ಕಿಲೋ. ಇದು ಬರಿಯ ಚೆಂಡುಗಳ ತೂಕ. ಚಕ್ರ, ಹಿಡಿಕೆ, ಗಟ್ಟಿ ತಳ ಇವೆಲ್ಲ ಸೇರಿ ಮೂರು ಚೆಂಡಿನ ಬ್ಯಾಗ್ ಖಾಲಿಯಿದ್ದಾಗಲೇ ನಾಲ್ಕೈದು ಕಿಲೋ ತೂಗುವುದು ಅಪರೂಪವಲ್ಲ. ಶೂ, ಒರೆಸುವ ಬಟ್ಟೆ, ಮಣಿಕಟ್ಟಿನ ಪಟ್ಟಿ, ಚೆಂಡು ತೊಳೆಯುವ ದ್ರಾವಣದ ಬಾಟಲಿ ಇವೆಲ್ಲಕ್ಕೆ ಇನ್ನೊಂದೆರಡು ಕಿಲೋ ಸೇರಿಸಿದರೆ ತುಂಬಿದ ಬ್ಯಾಗ್ 26 ಕಿಲೋವನ್ನು ಸಲೀಸಾಗಿ ಮುಟ್ಟುತ್ತದೆ. ಹಗುರ ಚೆಂಡು ಬಳಸುವವರ ಲೆಕ್ಕ ಬೇರೆ: 10 ಪೌಂಡಿನ ಮೂರು ಚೆಂಡುಗಳ ತೂಕ 13.6 ಕಿಲೋ ಮಾತ್ರ, ಅಂದರೆ 15 ಪೌಂಡಿನ ಎರಡರಷ್ಟು. ಹೀಗಿರುವಾಗ ಎರಡು ಚೆಂಡಿನ ಬ್ಯಾಗ್, ಮೂರು ಚೆಂಡಿನ ಬ್ಯಾಗ್ ಎಂದು ಎಣಿಕೆಯಿಂದಷ್ಟೇ ಸಲಹೆ ಕೊಡುವುದು ಅರ್ಧ ಸಲಹೆ. ಯಾರ ಚೆಂಡು, ಎಷ್ಟು ಪೌಂಡು ಎಂದು ಕೇಳದೆ ಅದನ್ನು ಪೂರ್ತಿ ಮಾಡಲಾಗದು.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಕೈಯಿಂದ ಭಾರ ಎತ್ತುವವರಿಗಾಗಿ ಒಂದು ಸೂತ್ರವನ್ನು ರೂಪಿಸಿದೆ. ಕೆಲಸದ ಸ್ಥಳಗಳಲ್ಲಿ ಅದನ್ನು ಈಗಲೂ ಬಳಸುತ್ತಾರೆ. ಎಲ್ಲವೂ ಅನುಕೂಲಕರವಾಗಿರುವಾಗ, ಅಂದರೆ ವಸ್ತು ಮೈಗೆ ಹತ್ತಿರವಾಗಿ, ತೊಡೆಯ ಮಟ್ಟದಲ್ಲಿ, ನೇರ ಎದುರಿಗೆ ಇರುವಾಗ, ಆ ಸೂತ್ರ ಒಪ್ಪುವ ಮಿತಿ 23 ಕಿಲೋ. ಆ ಅನುಕೂಲಗಳು ಒಂದೊಂದಾಗಿ ತಪ್ಪಿದಂತೆ ಮಿತಿಯೂ ಇಳಿಯುತ್ತದೆ. ವಸ್ತುವನ್ನು ಹಿಡಿದ ಕೈಗಳು ಕಣಕಾಲುಗಳಿಂದ 50 ಸೆಂಟಿಮೀಟರ್ ಮುಂದಿದ್ದರೆ ಮಿತಿ ಅರ್ಧಕ್ಕೆ ಬರುತ್ತದೆ; ಜೊತೆಗೆ ನೆಲಮಟ್ಟದಿಂದಲೇ ಎತ್ತಬೇಕಾದರೆ 9 ಕಿಲೋದ ಆಸುಪಾಸಿಗೆ ಇಳಿಯುತ್ತದೆ; ಸೊಂಟವನ್ನು ತಿರುಚಿ ಎತ್ತಿದರೆ ಅದಕ್ಕಿಂತಲೂ ಕಡಿಮೆ. ಈ ಸೂತ್ರ ಬರೆದದ್ದು ದುಡಿಮೆಯ ಭಾಗವಾಗಿ ಭಾರ ಎತ್ತುವವರಿಗಾಗಿ. ಆಟಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎತ್ತುವವರಿಗೆ ಅದನ್ನು ಅಕ್ಷರಶಃ ಅನ್ವಯಿಸಬೇಕಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಕಾರಿನ ಡಿಕ್ಕಿಯಿಂದ ಬ್ಯಾಗನ್ನು ಹೊರತೆಗೆಯುವ ಭಂಗಿಯನ್ನು ನೆನಪಿಸಿಕೊಳ್ಳಿ. ಬಂಪರಿನ ಆಚೆಗೆ ಕೈ ಚಾಚಿ, ಮುಂದಕ್ಕೆ ಬಾಗಿ, ತಳದಿಂದ ಮೇಲೆತ್ತಿ, ಡಿಕ್ಕಿಯ ಅಂಚನ್ನು ದಾಟಿಸಿ, ಪಕ್ಕಕ್ಕೆ ತಿರುಗಿ ನೆಲಕ್ಕಿಳಿಸುತ್ತೇವೆ. ಸೂತ್ರ ಯಾವುದನ್ನೆಲ್ಲ ಪ್ರತಿಕೂಲವೆನ್ನುತ್ತದೋ ಅದಿಷ್ಟೂ ಆ ಒಂದೇ ಚಲನೆಯಲ್ಲಿದೆ. ಅದನ್ನು 26 ಕಿಲೋ ಭಾರದೊಂದಿಗೆ, ಮುಂದಿನ ಎರಡು ಮೂರು ಗಂಟೆ ಬೆನ್ನು, ಭುಜ, ಮಣಿಕಟ್ಟುಗಳಿಂದಲೇ ಆಡಬೇಕಾದವರು ಮಾಡುವುದು ವಿವೇಕವೆನಿಸದು.

ಇದಕ್ಕೆ ಅನುಭವಿ ಆಟಗಾರರು ಕಂಡುಕೊಂಡಿರುವ ಉಪಾಯ ಸರಳ. ಖಾಲಿ ಬ್ಯಾಗನ್ನು ಮೊದಲು ನೆಲಕ್ಕಿಳಿಸಿ, ಚೆಂಡುಗಳನ್ನು ಒಂದೊಂದಾಗಿ ಎತ್ತಿ ಅದರೊಳಗೆ ಇಡುತ್ತಾರೆ. ಹೊರಡುವಾಗ ಅದನ್ನೇ ಹಿಂದುಮುಂದಾಗಿ ಮಾಡುತ್ತಾರೆ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಆದರೆ ಈ ಅಭ್ಯಾಸವನ್ನು ಇಟ್ಟುಕೊಳ್ಳಲು ಬ್ಯಾಗೂ ಅನುವು ಮಾಡಿಕೊಡಬೇಕು. ನಿಂತಿರುವಾಗಲೇ ಬಾಯಿ ಪೂರ್ತಿ ತೆರೆಯುವ, ತೆರೆದಾಗ ಮುಂದಕ್ಕೆ ಮುಗ್ಗರಿಸದ, ಒಂದು ಚೆಂಡು ತೆಗೆಯಲು ಇನ್ನೊಂದನ್ನು ಎತ್ತಿಡಬೇಕಾಗಿಲ್ಲದ ರಚನೆ ಇದ್ದರೆ ಮಾತ್ರ ಇದು ಸಾಧ್ಯ. ಒಂದರ ಮೇಲೊಂದು ಚೆಂಡು ಕೂರುವ ಬ್ಯಾಗುಗಳಲ್ಲಿ ಕೆಳಗಿನ ಖಾನೆಗೆ ಬೇರೆಯದೇ ಬಾಗಿಲು ಇದೆಯೇ ಎಂದು ನೋಡಬೇಕೆನ್ನುವುದು ಇದೇ ಕಾರಣಕ್ಕೆ.

ಆಕಾರಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳನ್ನು ಕಾಣುತ್ತೇವೆ. ಒಂದು ಚೆಂಡಿನ ವ್ಯಾಸ ಎಂಟೂವರೆ ಇಂಚು, ಅಂದರೆ ಸುಮಾರು 21.6 ಸೆಂಟಿಮೀಟರ್ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇವುಗಳ ಅಳತೆ ತಾನಾಗಿ ಅರ್ಥವಾಗುತ್ತದೆ. ಎರಡು ಚೆಂಡಿನ ಬ್ಯಾಗಿನಲ್ಲಿ ಅವು ಪಕ್ಕಪಕ್ಕದಲ್ಲಿ, ಚಕ್ರಗಳ ಮೇಲೆಯೇ ಕೂರುತ್ತವೆ. ಶೂಗಳ ಖಾನೆ ಮೇಲಿರುತ್ತದೆ. ನನ್ನ ದೃಷ್ಟಿಯಲ್ಲಿ ಬಹುಪಾಲು ಜನರಿಗೆ ಇದೇ ಸರಿಯಾದ ಬ್ಯಾಗ್. ನಿಂತಿರುವ ಮೂರು ಚೆಂಡಿನ ಬ್ಯಾಗಿನಲ್ಲಿ ಸಾಮಾನ್ಯವಾಗಿ ಕೆಳಗೆ ಎರಡು, ಮೇಲೆ ಒಂದು. ಉದ್ದಕ್ಕೆ ಮಲಗಿದಂತಿರುವ ‘ಟೋಟ್’ ಮಾದರಿಯಲ್ಲಿ ಮೂರೂ ಒಂದೇ ಸಾಲಿನಲ್ಲಿರುವುದರಿಂದ ಉದ್ದ 65 ಸೆಂಟಿಮೀಟರ್ ದಾಟುತ್ತದೆ; ಇದು ಹಗುರ, ಮೂರೂ ಚೆಂಡುಗಳು ಒಮ್ಮೆಗೇ ಕೈಗೆ ಸಿಗುತ್ತವೆ, ಆದರೆ ಶೂಗಳಿಗೆ ಜಾಗ ಕಡಿಮೆ, ಅನೇಕದರಲ್ಲಿ ಇರುವುದೇ ಇಲ್ಲ. ಇನ್ನು ನಾಲ್ಕು ಮತ್ತು ಆರು ಚೆಂಡಿನ ದೊಡ್ಡ ಬ್ಯಾಗುಗಳು. ಆರು ಚೆಂಡಿನವುಗಳಲ್ಲಿ ಮೇಲಿನ ಮೂರರ ಭಾಗವನ್ನು ಕೆಳಗಿನ ಮೂರರಿಂದ ಬಿಡಿಸಿ ಎರಡು ಬ್ಯಾಗುಗಳಾಗಿ ಒಯ್ಯಬಹುದಾದ ಮಾದರಿಗಳಿವೆ. ದೊಡ್ಡದು ಬೇಕೇ ಬೇಕು ಎನ್ನುವವರು ಹೀಗೆ ಬೇರ್ಪಡುವುದನ್ನಲ್ಲದೆ ಬೇರೆಯದನ್ನು ಕೊಳ್ಳಬಾರದು. ಎರಡು ಚೆಂಡಿನ ಬ್ಯಾಗಿನ ನೆತ್ತಿಯ ಮೇಲೆ ಪಟ್ಟಿಯಿಂದ ಬಿಗಿಯಬಹುದಾದ ಒಂದು ಚೆಂಡಿನ ಪುಟ್ಟ ಚೀಲವೂ ಸಿಗುತ್ತದೆ. ಮೂರನೆಯ ಚೆಂಡು ಅಪರೂಪಕ್ಕೆ ಬೇಕಾಗುವವರಿಗೆ ಮೂರರ ಬ್ಯಾಗಿಗಿಂತ ಈ ಜೋಡಣೆ ಮೇಲು. ಎತ್ತಬೇಕಾದಾಗ ಅದು ಎರಡು ಸಣ್ಣ ಭಾರಗಳಾಗಿ ಒಡೆದುಕೊಳ್ಳುತ್ತದೆ.

ಮೂರನೆಯ ಚೆಂಡನ್ನು ಮೇಲಿಟ್ಟಾಗ ಇನ್ನೊಂದು ತೊಂದರೆ ಹುಟ್ಟುತ್ತದೆ. ಓರೆಯಾಗಿಸಿ ಎಳೆಯುವ ಬ್ಯಾಗಿನಲ್ಲಿ ಭಾರವೆಲ್ಲ ಚಕ್ರಗಳ ಮೇಲೆ ಸರಿಯಾಗಿ ನಿಲ್ಲುವ ಒಂದು ಕೋನ ಇರುತ್ತದೆ. ಆ ಕೋನದಲ್ಲಿ ಕೈಗೆ ಹೊರೆಯೇ ಇರುವುದಿಲ್ಲ. ಅದಕ್ಕಿಂತ ಹೆಚ್ಚು ಬಾಗಿದರೆ ಉಳಿದ ಭಾರವನ್ನು ಕೈ ಹೊರಬೇಕಾಗುತ್ತದೆ. ಗುರುತ್ವಕೇಂದ್ರ ಎತ್ತರದಲ್ಲಿದ್ದಷ್ಟೂ ಬಾಗಿದ ಪ್ರತಿ ಡಿಗ್ರಿಗೆ ಕೈ ಮೇಲೆ ಬೀಳುವ ಹೊರೆ ಹೆಚ್ಚು. ತಿರುವಿನಲ್ಲಿ ಬ್ಯಾಗ್ ಒಂದು ಚಕ್ರದ ಮೇಲೆ ಮಗುಚುವ ಸಾಧ್ಯತೆಯೂ ಹೆಚ್ಚು. ಎರಡು ಚಕ್ರಗಳ ನಡುವಿನ ಅಗಲ ಜಾಸ್ತಿಯಿದ್ದರೆ ಈ ಮಗುಚುವಿಕೆ ಕಡಿಮೆಯಾಗುತ್ತದೆ. ಚೆಂಡುಗಳ ತೂಕಗಳು ಬೇರೆ ಬೇರೆಯಾಗಿದ್ದರೆ ಹಗುರವಾದದ್ದನ್ನು ಮೇಲಿಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಚಕ್ರಗಳ ವಿಚಾರಕ್ಕೆ ಆ ಬರಹದಲ್ಲಿ ಒಂದೇ ಸಾಲು ಮೀಸಲಾಗಿತ್ತು. ನನಗನ್ನಿಸುವಂತೆ ಟ್ರಾಲಿ ಬ್ಯಾಗಿನಲ್ಲಿ ಹೆಚ್ಚು ಗಮನ ಬೇಡುವ ಭಾಗವೇ ಅದು. ಬಟ್ಟೆಬರೆ ತುಂಬಿದ ಸೂಟ್‌ಕೇಸಿಗೆ ಸಾಕಾಗುವ ಸಣ್ಣ ಚಕ್ರಗಳು ಇಲ್ಲಿ ಸಾಲುವುದಿಲ್ಲ. ಬಾಗಿಲ ಹೊಸ್ತಿಲು, ನೆಲಹಾಸಿನ ಕಲ್ಲುಗಳ ನಡುವಿನ ಬಿರುಕು, ಪಾರ್ಕಿಂಗ್ ಜಾಗದ ಉಬ್ಬು ಇಂಥ ಸಣ್ಣಪುಟ್ಟ ಅಡೆತಡೆಗಳನ್ನು ದಾಟಿಸಲು ಎಷ್ಟು ಬಲವಾಗಿ ಎಳೆಯಬೇಕು ಎನ್ನುವುದು ಚಕ್ರದ ವ್ಯಾಸವನ್ನು ಅವಲಂಬಿಸಿದೆ, ಮತ್ತು ಅದನ್ನು ಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. 15 ಮಿಲಿಮೀಟರ್ ಎತ್ತರದ ಅಂಚನ್ನು 5 ಇಂಚು ವ್ಯಾಸದ ಚಕ್ರ ಏರಲು ಅದರ ಮೇಲಿನ ಭಾರದ ಸುಮಾರು 0.85ರಷ್ಟು ಅಡ್ಡ ಎಳೆತ ಬೇಕು; 3 ಇಂಚಿನ ಚಕ್ರಕ್ಕೆ ಅದೇ ಅಂಚಿನಲ್ಲಿ 1.3ರಷ್ಟು ಬೇಕು. ಅಂದರೆ ಒಂದೂವರೆ ಪಟ್ಟು. ಸಣ್ಣ ಚಕ್ರದ ಬ್ಯಾಗ್ ಹೊಸ್ತಿಲಿಗೆ ತಾಗಿ ತಟ್ಟನೆ ನಿಂತು ಭುಜವನ್ನು ಹಿಂದಕ್ಕೆ ಜಗ್ಗುವುದು ಇದರಿಂದಲೇ. ಹಾಗೆ ಜಗ್ಗುವ ಭುಜ ಹೆಚ್ಚಾಗಿ ಚೆಂಡು ಎಸೆಯುವ ಕೈಯದೇ ಆಗಿರುತ್ತದೆ ಎನ್ನುವುದನ್ನೂ ಮರೆಯಬಾರದು. ಸಾಧ್ಯವಾದವರು ಇನ್ನೊಂದು ಕೈಯಲ್ಲಿ ಎಳೆಯುವುದನ್ನು ರೂಢಿ ಮಾಡಿಕೊಳ್ಳಲಿ.

ವ್ಯಾಸದ ನಂತರ ಬರುವುದು ಚಕ್ರದ ವಸ್ತು. ಗಟ್ಟಿ ಪ್ಲಾಸ್ಟಿಕ್ ಚಕ್ರ ಅಗ್ಗ. ನುಣುಪು ನೆಲದ ಮೇಲೆ ಹಗುರವಾಗಿಯೇ ಓಡುತ್ತದೆ, ಆದರೆ ಒರಟು ನೆಲದಲ್ಲಿ ಪ್ರತಿಯೊಂದು ಕಂಪನವನ್ನೂ ಚೆಂಡಿಗೂ ಹಿಡಿಕೆಗೂ ದಾಟಿಸುತ್ತದೆ, ಸದ್ದಂತೂ ಹೇಳತೀರದು. ರಬ್ಬರಿನಂತಿರುವ ಯುರೆಥೇನ್ (ಪಾಲಿಯುರೆಥೇನ್) ಪಟ್ಟಿಯ ಚಕ್ರ ಆ ಪೆಟ್ಟುಗಳನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ, ನೆಲವನ್ನೂ ಹಿಡಿಯುತ್ತದೆ. ಅದಕ್ಕೊಂದು ದೌರ್ಬಲ್ಯ ಇಲ್ಲದಿಲ್ಲ: ಕೆಲವು ಬಗೆಯ ಪಾಲಿಯುರೆಥೇನ್ ತೇವದ ಜಾಗದಲ್ಲಿ ವರ್ಷಗಟ್ಟಲೆ ಇದ್ದರೆ ಒಳಗಿಂದಲೇ ಶಿಥಿಲವಾಗಿ ಪುಡಿಪುಡಿಯಾಗಿ ಉದುರುತ್ತದೆ. ಕಡಿಮೆ ಬಳಸಿದ ಬ್ಯಾಗಿನ ಚಕ್ರ ಇದ್ದಕ್ಕಿದ್ದಂತೆ ಒಡೆದರೆ ಅದು ಸವೆತದ ಫಲವಲ್ಲ. ಒಳಗಿನ ಬೇರಿಂಗ್ ಮುಚ್ಚಿದ್ದಾಗಿರಬೇಕು. ಇಲ್ಲದಿದ್ದರೆ ಧೂಳು ಸೇರಿ ಕೆಲವೇ ತಿಂಗಳಲ್ಲಿ ಕಿರುಗುಟ್ಟಲು ಶುರುವಾಗುತ್ತದೆ. ಇಷ್ಟಕ್ಕೂ ಮಿಗಿಲಾಗಿ, ಚಕ್ರವನ್ನು ಅಚ್ಚಿಗೆ ಸ್ಕ್ರೂ ಅಥವಾ ಬೋಲ್ಟಿನಿಂದ ಕೂರಿಸಿದ್ದಾರೆಯೇ ಅಥವಾ ರಿವೆಟ್ ಹೊಡೆದಿದ್ದಾರೆಯೇ ಎಂದು ಬ್ಯಾಗನ್ನು ಮಗುಚಿ ನೋಡಬೇಕು. ಸ್ಕ್ರೂ ಇದ್ದರೆ ಸ್ಕೇಟಿಂಗ್ ಚಕ್ರಗಳಂತೆ ಬದಲಾಯಿಸಬಹುದು. ರಿವೆಟ್ ಇದ್ದರೆ ಒಂದು ಚಕ್ರ ಹೋದ ದಿನ ಇಡೀ ಬ್ಯಾಗ್ ಹೋದಂತೆಯೇ.

ನಾಲ್ಕೂ ಮೂಲೆಗಳಲ್ಲಿ ಸುತ್ತ ತಿರುಗುವ ಚಕ್ರಗಳಿರುವ ಬ್ಯಾಗುಗಳೂ ಸಿಗುತ್ತವೆ. ಅವನ್ನು ಓರೆಯಾಗಿಸಬೇಕಿಲ್ಲ, ಪಕ್ಕದಲ್ಲಿ ನಡೆಸಿಕೊಂಡು ಹೋಗಬಹುದು. ಸಮತಟ್ಟಾದ ನೆಲದಲ್ಲಿ ಕೈಗೆ ಭಾರವೇ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ಕೈಬಿಟ್ಟರೆ ಇಪ್ಪತ್ತೈದು ಕಿಲೋದ ಬ್ಯಾಗ್ ತನ್ನ ಪಾಡಿಗೆ ಹೊರಟುಬಿಡುತ್ತದೆ. ತಿರುಗುವ ಚಕ್ರಗಳು ಸಾಮಾನ್ಯವಾಗಿ ಸಣ್ಣವೂ ಆಗಿರುವುದರಿಂದ ಹೊಸ್ತಿಲಿನ ತೊಂದರೆ ಇಲ್ಲಿ ಇನ್ನೂ ಹೆಚ್ಚು. ಒಳಾಂಗಣದಲ್ಲೇ ಓಡಾಡುವವರಿಗೆ ಮಾತ್ರ ನಾನು ಇದನ್ನು ಸೂಚಿಸುತ್ತೇನೆ.

ಹಿಡಿಕೆಯ ಬಗ್ಗೆ ಹೇಳಬೇಕಾದದ್ದು ಎರಡು. ಮೊದಲನೆಯದು ಉದ್ದ. ಪೂರ್ತಿ ಹೊರಗೆಳೆದಾಗ ಅದು ನೆಲದಿಂದ ಒಂದು ಮೀಟರಿನ ಸುತ್ತಮುತ್ತ ಬರದಿದ್ದರೆ ಎತ್ತರದವರು ಪಕ್ಕಕ್ಕೆ ಬಾಗಿ ಎಳೆಯಬೇಕಾಗುತ್ತದೆ, ಬ್ಯಾಗಿನ ತಳ ಹಿಮ್ಮಡಿಗೆ ಬಡಿಯುತ್ತದೆ. ಹಿಡಿಕೆ ಉದ್ದವಾದಷ್ಟೂ ಸನ್ನೆಯ ತತ್ತ್ವದಂತೆ ಕೈ ಹೊರುವ ಪಾಲು ಕಡಿಮೆಯಾಗುತ್ತದೆ ಎಂಬುದು ಇನ್ನೊಂದು ಲಾಭ. ಎರಡನೆಯದು, ಕೊಳವೆಯೊಳಗಿಂದ ಹೊರಬರುವ ಈ ಹಿಡಿಕೆ ಇರುವುದು ಎಳೆಯುವುದಕ್ಕೆ, ಎತ್ತುವುದಕ್ಕಲ್ಲ. ಮೆಟ್ಟಿಲು ಬಂದಾಗ ಅದನ್ನೇ ಹಿಡಿದು ಬ್ಯಾಗನ್ನು ಮೇಲಕ್ಕೆ ಜಗ್ಗುವವರನ್ನು ಎಲ್ಲ ಕಡೆಯೂ ಕಾಣುತ್ತೇವೆ. ಕೊಳವೆ ಬಾಗುವುದು, ಒಳಗಿನ ಗುಂಡಿ ಸಿಕ್ಕಿಬೀಳುವುದು, ಬುಡದ ಸ್ಕ್ರೂ ಕಿತ್ತುಬರುವುದು ಹೆಚ್ಚಾಗಿ ಹೀಗೆಯೇ. ಎತ್ತಲು ಬ್ಯಾಗಿನ ನೆತ್ತಿಯಲ್ಲೊಂದು, ತಳದ ಹತ್ತಿರ ಇನ್ನೊಂದು ಗಟ್ಟಿಯಾದ ಹಿಡಿ ಇರಲೇಬೇಕು. ತಳದಲ್ಲಿ ಕೈ ಹಾಕಲು ಜಾಗವಿಲ್ಲದ ಬ್ಯಾಗನ್ನು ಇಬ್ಬರು ಸೇರಿ ಎತ್ತುವುದೂ ಕಷ್ಟ. ಮೆಟ್ಟಿಲುಗಳಲ್ಲಿ ದಡದಡನೆ ಇಳಿಸುವುದಂತೂ ಬೇಡವೇ ಬೇಡ: ಪ್ರತಿ ಮೆಟ್ಟಿಲಿನ ಪೆಟ್ಟನ್ನೂ ಎರಡು ಚಕ್ರಗಳು ಮತ್ತು ಅವುಗಳ ಅಚ್ಚು ಮಾತ್ರ ತಾಳಿಕೊಳ್ಳಬೇಕಾಗುತ್ತದೆ.

ಬಟ್ಟೆಯ ವಿಷಯದಲ್ಲಿ ಜಾಹೀರಾತುಗಳು 600, 840, 1680 ಡೀನಿಯರ್ ಎಂದು ದೊಡ್ಡಕ್ಷರದಲ್ಲಿ ಹೇಳಿಕೊಳ್ಳುತ್ತವೆ. 9,000 ಮೀಟರ್ ಉದ್ದದ ನೂಲಿನ ತೂಕ ಎಷ್ಟು ಗ್ರಾಂ ಎನ್ನುವುದೇ ಡೀನಿಯರ್. ಅಂಕಿ ಹೆಚ್ಚಿದಷ್ಟೂ ನೂಲು ದಪ್ಪ. ಬ್ಯಾಗ್ ಗಟ್ಟಿ ಎಂದು ಅದರಿಂದ ನೇರವಾಗಿ ತೀರ್ಮಾನಿಸಲಾಗದು. ನೈಲಾನೋ ಪಾಲಿಯೆಸ್ಟರೋ, ನೇಯ್ಗೆ ಎಷ್ಟು ಬಿಗಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚೆಂಡಿನ ಬ್ಯಾಗುಗಳಲ್ಲಿ ಬಟ್ಟೆಯ ನಡುಭಾಗ ಹರಿಯುವುದು ಕಡಿಮೆ. ಬಿಡುವುದು ಹೊಲಿಗೆ, ಸವೆಯುವುದು ತಳದ ಮೂಲೆಗಳು, ಕೈಕೊಡುವುದು ಜಿಪ್. ಆದ್ದರಿಂದ ತಳದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ ಇದೆಯೇ, ಹಿಡಿಗಳ ಬುಡದಲ್ಲಿ ಎರಡು ಮೂರು ಸುತ್ತು ಹೊಲಿಗೆ ಹಾಕಿದ್ದಾರೆಯೇ, ಚೆಂಡಿನ ಖಾನೆಯ ಜಿಪ್ಪಿನ ಹಲ್ಲುಗಳು ದಪ್ಪವಾಗಿವೆಯೇ ಎಂದು ನೋಡುವುದು ಡೀನಿಯರ್ ಅಂಕಿಗಿಂತ ಉಪಯುಕ್ತ. ಜಿಪ್ಪಿನ ಎಳೆತುಂಡಿನ ಹಿಂದೆ ಹೆಚ್ಚಾಗಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದು ಮುಚ್ಚಿದ ಹಲ್ಲುಗಳ ಅಗಲವನ್ನು ಸುಮಾರಾಗಿ ಮಿಲಿಮೀಟರಿನಲ್ಲಿ ಸೂಚಿಸುತ್ತದೆ. ಚೆಂಡಿನ ಖಾನೆಗೆ 8 ಅಥವಾ 10 ಇದ್ದರೆ ನೆಮ್ಮದಿ.

ಒಳಗೆ ಪ್ರತಿ ಚೆಂಡಿಗೂ ಫೋಮಿನ ಬಟ್ಟಲಿನಂಥ ಆಸನವಿರಬೇಕು, ಚೆಂಡು ಚೆಂಡಿಗೆ ತಾಗದಂತೆ ನಡುವೆ ಗೋಡೆಯಿರಬೇಕು. ಏಳು ಕಿಲೋದ ಎರಡು ಗೋಳಗಳು ದಾರಿಯುದ್ದಕ್ಕೂ ಒಂದಕ್ಕೊಂದು ಉಜ್ಜಿದರೆ ಹೊದಿಕೆಗೆ ಗೀರು ಬೀಳುವುದು ಖಂಡಿತ. ಮೇಲ್ಮೈಯ ಒರಟುತನವನ್ನು ಮರಳುಕಾಗದದಿಂದ ಅಳೆದು ತೂಗಿ ಸಿದ್ಧಪಡಿಸಿಕೊಂಡವರಿಗೆ ಆ ಗೀರು ಬರಿಯ ಅಂದದ ಪ್ರಶ್ನೆಯಲ್ಲ. ಮೇಲಿನ ಚೆಂಡನ್ನು ಬಿಗಿಯುವ ಪಟ್ಟಿ ಬೇಕು. ಶೂಗಳಿಗೆ ಬೇರೆ ಖಾನೆ, ಅದಕ್ಕೆ ಗಾಳಿಯಾಡುವ ಜಾಲರಿ ಇರಲಿ: ಜಾರುವ ಶೂವಿನ ಅಡಿಗೆ ತೇವ ತಗಲಿದರೆ ಅದು ಫೌಲ್ ಗೆರೆಯ ಬಳಿ ಜಾರುವ ಬದಲು ನೆಲಕ್ಕೆ ಹಿಡಿದುಕೊಂಡು ಆಟಗಾರ ಮುಗ್ಗರಿಸುತ್ತಾನೆ, ಹಾಗಾಗಿ ಒದ್ದೆ ಟವೆಲನ್ನೂ ಶೂಗಳನ್ನೂ ಒಂದೇ ಜೇಬಿಗೆ ತುರುಕುವಂಥ ಬ್ಯಾಗ್ ಅಪಾಯಕಾರಿ. ಹೊರಜೇಬುಗಳು ಮೂರು ನಾಲ್ಕಕ್ಕಿಂತ ಹೆಚ್ಚಿದ್ದರೆ ಅವುಗಳೊಳಗೆ ಸೇರುವ ಅನಗತ್ಯ ಸಾಮಾನು ಮತ್ತೆ ತೂಕಕ್ಕೇ ಜಮೆಯಾಗುತ್ತದೆ.

ವಿಮಾನದಲ್ಲಿ ಪ್ರಯಾಣಿಸುವವರಿಗೆ 23ರ ಅಂಕಿ ಮತ್ತೆ ಎದುರಾಗುತ್ತದೆ. ಅನೇಕ ವಿಮಾನಯಾನ ಸಂಸ್ಥೆಗಳು ಎಕಾನಮಿ ದರ್ಜೆಯಲ್ಲಿ ಒಂದು ಲಗೇಜಿಗೆ ಇಟ್ಟಿರುವ ಮಿತಿ 23 ಕಿಲೋ. 32 ಕಿಲೋ ದಾಟಿದ ಒಂದೇ ಬ್ಯಾಗನ್ನು ಬಹಳಷ್ಟು ಸಂಸ್ಥೆಗಳು ಹೆಚ್ಚುವರಿ ಹಣ ಕೊಟ್ಟರೂ ಸ್ವೀಕರಿಸುವುದಿಲ್ಲ. 15 ಪೌಂಡಿನ ಮೂರು ಚೆಂಡುಗಳ ಬ್ಯಾಗ್ ಮೊದಲ ಮಿತಿಯನ್ನು ದಾಟುತ್ತದೆ, ನಾಲ್ಕರದ್ದು ಎರಡನೆಯದರ ಅಂಚಿಗೆ ಬಂದು ನಿಲ್ಲುತ್ತದೆ, ಆರರದ್ದಂತೂ ಬಿಡಿಸಿ ಎರಡು ಮಾಡದೆ ಹೋಗುವ ಹಾಗೇ ಇಲ್ಲ. ಎರಡು ಚೆಂಡು, ಶೂ, ಒಂದೆರಡು ಜೊತೆ ಬಟ್ಟೆ ಇವೆಲ್ಲ 23ರೊಳಗೆ ಹಿಡಿಸುತ್ತವೆ. ಒಂದು ಚೆಂಡನ್ನು ಕೈಯಲ್ಲೇ ಒಯ್ಯೋಣವೆಂದರೆ, ಕ್ಯಾಬಿನ್ ಬ್ಯಾಗಿಗೆ 7 ಕಿಲೋ ಮಿತಿ ಇಟ್ಟಿರುವ ಸಂಸ್ಥೆಗಳಲ್ಲಿ 6.8 ಕಿಲೋದ ಚೆಂಡಿನ ಜೊತೆ ಚೀಲದ ತೂಕಕ್ಕೆ ಉಳಿಯುವುದು 200 ಗ್ರಾಂ. ಮೇಲ್ಭಾಗ ತೆಳುವಾಗಿರುವ ಟೋಟ್ ಮಾದರಿಯನ್ನು ವಿಮಾನದ ಲಗೇಜಿಗೆ ಹಾಕಬೇಡಿ.

ಚಕ್ರಗಳಿವೆ, ಜಾಗವಿದೆ ಎಂದು ಬ್ಯಾಗನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟುಬಿಡುವ ರೂಢಿಯ ಬಗ್ಗೆಯೂ ಒಂದು ಮಾತು. ಎತ್ತುವ ಶ್ರಮ ತಪ್ಪಿಸಲು ಹಲವರು ಹೀಗೆ ಮಾಡುತ್ತಾರೆ. ಅದಕ್ಕೆ ಕಾರಣವಾಗುವುದೂ ಎತ್ತಲಾರದಷ್ಟು ಭಾರದ ಬ್ಯಾಗೇ ಎನ್ನುವುದನ್ನು ಗಮನಿಸಬೇಕು. ಬಿಸಿಲಿಗೆ ನಿಂತ ಕಾರಿನೊಳಗಿನ ಶಾಖ ಚೆಂಡಿನ ಹೊದಿಕೆಗೆ ಒಳ್ಳೆಯದಲ್ಲ; ಅತಿ ಶೀತದಿಂದ ಒಮ್ಮೆಗೇ ಬೆಚ್ಚನೆಯ ಜಾಗಕ್ಕೆ ಬಂದರೆ ಬಿರುಕು ಬಿಡುವ ಭಯವೂ ಇದೆ. ಆಟ ಮುಗಿದ ಮೇಲೆ ಚೆಂಡಿನ ಎಣ್ಣೆಯನ್ನು ಒರೆಸಿ ಒಳಗಿಟ್ಟು, ಬ್ಯಾಗನ್ನು ಮನೆಯೊಳಗೆ ತಂದು ಬಾಯಿ ತೆರೆದಿಡುವುದು ಚೆಂಡಿಗೂ ಬ್ಯಾಗಿಗೂ ಹಿತ. ದಿನವೂ ಒಳಗೆ ತರಬಹುದಾದಷ್ಟು ಮಾತ್ರ ತೂಗುವ ಬ್ಯಾಗನ್ನೇ ಕೊಳ್ಳಬೇಕು ಎನ್ನಲು ಇದೂ ಒಂದು ಕಾರಣ.

ಬ್ರ್ಯಾಂಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟಾರ್ಮ್, ಬ್ರನ್ಸ್‌ವಿಕ್, ಹ್ಯಾಮರ್, ಮೋಟಿವ್ ಮುಂತಾದ ಚೆಂಡು ತಯಾರಕರ ಹೆಸರಿನಲ್ಲೂ, ಕೆಆರ್ ಸ್ಟ್ರೈಕ್‌ಫೋರ್ಸ್‌ನಂಥ ಶೂ ಮತ್ತು ಬ್ಯಾಗುಗಳ ಹೆಸರಿನಲ್ಲೂ ಇವು ಮಾರಾಟವಾಗುತ್ತವೆ. 2019ರಲ್ಲಿ ಬ್ರನ್ಸ್‌ವಿಕ್ ಎಬೊನೈಟ್ ಸಂಸ್ಥೆಯನ್ನು ಕೊಂಡ ಮೇಲೆ ಎಬೊನೈಟ್, ಹ್ಯಾಮರ್, ಟ್ರ್ಯಾಕ್, ಕೊಲಂಬಿಯಾ 300 ಇವೆಲ್ಲ ಒಂದೇ ಸೂರಿನಡಿ ಬಂದಿವೆ. ಒಳ್ಳೆಯ ಚೆಂಡು ಮಾಡುವ ಹೆಸರು ಒಳ್ಳೆಯ ಚಕ್ರದ ಖಾತರಿಯಾಗುವುದಿಲ್ಲ. ಒಂದೇ ಹೆಸರಿನ ಅಡಿಯಲ್ಲೇ ಕಳಪೆ ಮಾದರಿಯೂ ಉತ್ತಮ ಮಾದರಿಯೂ ಅಕ್ಕಪಕ್ಕದಲ್ಲಿರುತ್ತವೆ.

ಅಂಗಡಿಯಲ್ಲಿ ಕೊಳ್ಳುವವರು ತಮ್ಮ ಚೆಂಡುಗಳನ್ನೇ ಒಯ್ದು, ತುಂಬಿ, ಹತ್ತು ಹೆಜ್ಜೆ ಎಳೆದು, ಒಂದು ಹೊಸ್ತಿಲು ದಾಟಿಸಿ, ಕೊನೆಗೆ ಒಮ್ಮೆ ತೊಡೆಯ ಮಟ್ಟಕ್ಕೆ ಎತ್ತಿ ನೋಡಲಿ. ಖಾಲಿ ಬ್ಯಾಗನ್ನು ಎಳೆದು ನೋಡಿ ಮೆಚ್ಚುವುದರಲ್ಲಿ ಅರ್ಥವಿಲ್ಲ. ಖಾಲಿಯಾಗಿದ್ದಾಗ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಅಂತರ್ಜಾಲದಲ್ಲಿ ಕೊಳ್ಳುವವರಿಗೆ ಈ ಅವಕಾಶವಿಲ್ಲ, ಮತ್ತು ನನ್ನ ಮುಖ್ಯ ದೂರು ಇರುವುದು ಅಲ್ಲೇ. ಬಣ್ಣಗಳ ಹೆಸರು, ಜೇಬುಗಳ ಸಂಖ್ಯೆ, ಹಿಡಿಸುವ ಶೂವಿನ ಅಳತೆ ಇವನ್ನೆಲ್ಲ ವಿವರವಾಗಿ ಬರೆಯುವ ಮಾರಾಟಗಾರರು ಖಾಲಿ ಬ್ಯಾಗಿನ ತೂಕವನ್ನು ಎಷ್ಟೋ ಸಲ ಬರೆಯುವುದಿಲ್ಲ. ಬರೆದರೂ ಅದು ಪೆಟ್ಟಿಗೆಯ ಸಹಿತ ಸಾಗಣೆಯ ತೂಕವೋ ಬ್ಯಾಗಿನದೋ ತಿಳಿಯುವುದಿಲ್ಲ. ಚಕ್ರದ ವ್ಯಾಸವನ್ನು ‘ದೊಡ್ಡದು’ ಎಂದು ಬಿಡುವುದುಂಟು. ಬಿಡಿ ಚಕ್ರ, ಬಿಡಿ ಹಿಡಿಕೆ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ, ಖಾತರಿಯ ಅವಧಿಯಲ್ಲಿ ಚಕ್ರ ಸೇರಿದೆಯೋ ಇಲ್ಲವೋ ಎಂಬುದಂತೂ ಸಣ್ಣಕ್ಷರಗಳಲ್ಲಿ ಅಡಗಿರುತ್ತದೆ.

ತಮ್ಮ ಪುರವಣಿಯು ಮುಂದೆ ಇಂಥ ಸಲಕರಣೆಗಳ ಹೋಲಿಕೆಪಟ್ಟಿ ಪ್ರಕಟಿಸುವಾಗ, ಎಷ್ಟು ಚೆಂಡು ಹಿಡಿಯುತ್ತದೆ ಎಂಬ ಅಂಕಣದ ಪಕ್ಕದಲ್ಲೇ ಖಾಲಿ ತೂಕ, 15 ಪೌಂಡಿನ ಚೆಂಡುಗಳನ್ನು ತುಂಬಿದಾಗಿನ ತೂಕ, ಬೇರ್ಪಡಿಸಬಹುದಾದ ಬ್ಯಾಗಾದರೆ ಅದರ ಅತಿ ಭಾರದ ತುಂಡಿನ ತೂಕ, ಚಕ್ರದ ವ್ಯಾಸ ಮತ್ತು ಚಕ್ರವನ್ನು ಬದಲಿಸಬಹುದೇ ಎಂಬ ವಿವರಗಳನ್ನೂ ಕೊಡಬೇಕೆಂದು ವಿನಂತಿಸುತ್ತೇನೆ. ತಯಾರಕರು ಈ ಮಾಹಿತಿಯನ್ನು ಒದಗಿಸದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟೇ ಪ್ರಕಟಿಸಿ. ಯಾರು ಏನನ್ನು ತಿಳಿಸಲಿಲ್ಲ ಎನ್ನುವುದು ಓದುಗರಿಗೆ ಗೊತ್ತಾಗಲಿ.

ಇಂತಿ,
ತಮ್ಮ ವಿಶ್ವಾಸಿ ಓದುಗ